ಹೊಲಿಗೆ ಮಷೀನಿಗೆ ಕೊಟ್ಟ ಮೂವತ್ತು ಪದ

ನನ್ನನ್ನು ನಂಬಿ ಜೊತೆಗೆ ಕರೆದುಕೊಂಡು ಹೋದ ಮನುಷ್ಯನನ್ನು ನಾನು ಗಿಳಿ ಎಂದೆ. ಅವರ ಎದುರಿಗೇ ಎಂದೆ, ಇಂಗ್ಲಿಷಿನಲ್ಲಿ ಎಂದೆ. ಅವರು ನಿಂತಿದ್ದರು. ನಾನು ಕುರ್ಚಿಯಲ್ಲಿ ಕೂತು ಕ್ರೀಮ್ ಬಿಸ್ಕತ್ತು ತಿನ್ನುತ್ತಿದ್ದೆ. ಆ ಒಂದು ಮಾತಿನಿಂದ ಅವರ ಕೈಗೆ ಬರಬೇಕಿದ್ದ ಕೆಲಸ ತಪ್ಪಿಹೋಯಿತು.

ಇದಾಗಿ ಹನ್ನೊಂದು ವರ್ಷವೋ ಹನ್ನೆರಡೋ. ಎಪ್ಪತ್ತಾರರ ಕೊನೆ ಇರಬೇಕು, ಅಥವಾ ಎಪ್ಪತ್ತೇಳರ ಮೊದಲು — ನೋಡಿ, ಶುರುವಿನಲ್ಲೇ ಹೀಗೆ. ಯೂನಿವರ್ಸಿಟಿಯಲ್ಲಿ ನಾನು ಕಲಿತ ಒಂದೇ ವಿದ್ಯೆ ಸಂಶಯ. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಸಾಕ್ಷಿ ಏನು ಎಂದು ಕೇಳುವುದು. ಒಳ್ಳೆಯ ವಿದ್ಯೆಯೇ. ಆದರೆ ಈ ಒಂದು ವಿಷಯದಲ್ಲಿ ಅದನ್ನು ನಾನು ಸೋಪಿನ ಹಾಗೆ ಬಳಸಿದ್ದೇನೆ. ನಾನು ನಿಜಕ್ಕೂ ಆ ಪದ ಆಡಿದೆನೆ? ಆಡಿದರೂ ಅವರಿಗೆ ಕೇಳಿಸಿತೆ? ಕೇಳಿಸಿದರೂ ಅರ್ಥವಾಯಿತೆ? ಹೀಗೆ ಉಜ್ಜಿ ಉಜ್ಜಿ ಕೈ ತೊಳೆದುಕೊಳ್ಳುತ್ತ ಬಂದೆ. ವಾಸನೆ ಹೋಗಲಿಲ್ಲ.

ಅವರ ಹೆಸರು ಗೌಸ್ ಸಾಬ್ರು. ಗುಬ್ಬಿಯ ಪೇಟೆ ಬೀದಿಯಲ್ಲಿ ಅವರದೊಂದು ಹೊಲಿಗೆ ಮಷೀನ್ ರಿಪೇರಿ ಅಂಗಡಿ ಇತ್ತು. ಅಂಗಡಿ ಅಂದರೆ ಮೂರು ಹಲಗೆ ಬಾಗಿಲು, ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲುವಷ್ಟು ಜಾಗ. ಹಳೇ ಮಷೀನು ತಗೊಂಡು, ಬಿಚ್ಚಿ ತೊಳೆದು, ಸವೆದ ಭಾಗ ಬದಲಿಸಿ, ಅದನ್ನು ಮತ್ತೊಬ್ಬರ ಹಳೇ ಮಷೀನಿಗೆ ಅದಲು ಬದಲು ಮಾಡುವುದು ಅವರ ವ್ಯಾಪಾರ. ದುಡ್ಡಿಗಿಂತ ಹೆಚ್ಚಾಗಿ ವಸ್ತುವಿಗೆ ವಸ್ತು. ಬೆಳ್ಳಾವಿ ಕಡೆಯ ದರ್ಜಿಗಳೆಲ್ಲ ಅವರ ಹತ್ತಿರವೇ ಬರುತ್ತಿದ್ದರು.

ನಾನು ಹೋದದ್ದು ಅಕ್ಕನ ಮಷೀನು ಹೊತ್ತುಕೊಂಡು. ಸರೋಜಕ್ಕ ಗಂಡನನ್ನು ಕಳೆದುಕೊಂಡು ತುಮಕೂರಿನ ನಮ್ಮ ಮನೆಗೆ ವಾಪಸು ಬಂದು ರವಿಕೆ, ಲಂಗ ಹೊಲಿದು ಮನೆ ನಡೆಸುತ್ತಿದ್ದಳು. ನಾನು ಇಂಗ್ಲಿಷ್ ಎಂ.ಎ. ಮಾಡಿಕೊಂಡು, ಎರಡು ವರ್ಷದಿಂದ ಅರ್ಜಿ ಹಾಕಿಕೊಂಡು, ಅವಳ ಹೊಲಿಗೆಯ ಅನ್ನ ತಿಂದುಕೊಂಡು ಇದ್ದೆ. ಅವಳ ಕೈ ಮಷೀನು ಒಂದು ದಿನ ಕಿರ್ರ್ ಎಂದು ನಿಂತೇ ಹೋಯಿತು. ಗೌಸ್ ಸಾಬ್ರು ಅದರ ಚಕ್ರ ಒಂದು ಸುತ್ತು ತಿರುಗಿಸಿ, ಮಷೀನಿನ ಮೈಗೆ ಕಿವಿ ಇಟ್ಟರು. ಅವರು ಮಷೀನನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಅದು ಯಾಕೆ ಎಂದು ನನಗೆ ಆಮೇಲೆ ತಿಳಿಯಿತು.

"ಇದು ಗುಜರಿ ಆಗೋಯ್ತು ಸಾರ್," ಎಂದರು. "ಅದಲು ಬದಲು ಮಾಡೋಕೂ ಇದ್ರಾಗೆ ಏನೂ ಉಳ್ದಿಲ್ಲ. ನೀವೇನ್ ಕೆಲ್ಸ ಮಾಡ್ತೀರ?"

"ಕೆಲಸ ಇಲ್ಲ. ಇಂಗ್ಲಿಷ್ ಎಂ.ಎ. ಓದಿದೀನಿ."

ಅವರು ಮಷೀನಿನಿಂದ ಕಿವಿ ತೆಗೆದು ನನ್ನ ಕಡೆ ತಿರುಗಿದರು. "ಇಂಗ್ಲಿಷ್ ಬರ್ತೈತೆ ಅನ್ನಿ. ಹಂಗಾರೆ ನಿಮ್ ಹತ್ರ ಬದಲಿಗೆ ಕೊಡೋ ಸಾಮಾನು ಐತಲ್ಲ."

ಹೀಗೆ ಶುರುವಾಯಿತು. ಬೊಂಬಾಯಿಯ ಒಂದು ಮಷೀನ್ ಕಂಪನಿ — ಹೆಸರು ಬೇಡ — ಹಳೇ ಮಷೀನು ತಗೊಂಡು ಹೊಸದು ಕೊಡುವ ಸ್ಕೀಮು ತರುತ್ತಿತ್ತು. ಜಿಲ್ಲೆಗೆ ಒಬ್ಬರನ್ನು ಏಜೆಂಟ್ ಮಾಡುತ್ತಾರೆ. ಹಳೇ ಮಷೀನಿನ ಯೋಗ್ಯತೆ ಎಷ್ಟು ಎಂದು ಅಂದಾಜು ಹಾಕುವವರು ಬೇಕು, ಅದರಲ್ಲಿ ಗೌಸ್ ಸಾಬ್ರನ್ನು ಮೀರಿಸುವವರು ಈ ಕಡೆ ಇರಲಿಲ್ಲ. ಆದರೆ ಆರಿಸಲು ಬರುವ ಸಾಹೇಬರಿಗೆ ಕನ್ನಡ ಬಾರದು, ಉರ್ದುವೂ ಅಷ್ಟಕ್ಕಷ್ಟೆ, ಅವರು ಇಂಗ್ಲಿಷಿನಲ್ಲೇ ಮಾತಾಡಿಸುತ್ತಾರೆ ಎಂದು ಯಾರೋ ಹೇಳಿದ್ದರು. ನಾನು ವ್ಯಾಪಾರದ ಮಾತುಗಳನ್ನು ಕಲಿಸಬೇಕು, ಆ ದಿನ ಜೊತೆಗೆ ಬರಬೇಕು, ಏಜೆನ್ಸಿ ಸಿಕ್ಕರೆ ಬೊಂಬಾಯಿಗೆ ಕಾಗದ ಬರೆದುಕೊಡಬೇಕು. ಬದಲಿಗೆ ಅವರು ಅಕ್ಕನಿಗೆ ಒಂದು ಒಳ್ಳೆಯ ಕಾಲು ಮಷೀನು ಕೊಡುತ್ತಾರೆ.

"ಎಷ್ಟು ಪದ ಬೇಕು?" ಎಂದು ಕೇಳಿದೆ, ಅಂಗಡಿಯವನ ಹಾಗೆ.

"ಮೂವತ್ತು ಸಾಕು ಮೇಷ್ಟ್ರೇ. ಮೂವತ್ತರಲ್ಲಿ ವ್ಯಾಪಾರ ಮಾಡಕ್ಕಾಗದೋನು ಮುನ್ನೂರು ಕೊಟ್ರೂ ಮಾಡಲ್ಲ."

ಆವತ್ತಿನಿಂದ ನಾನು ಮೇಷ್ಟ್ರು. ನನಗೆ ಇಪ್ಪತ್ನಾಲ್ಕು, ಅವರಿಗೆ ಐವತ್ತು ದಾಟಿತ್ತು.

ವಾರಕ್ಕೆ ಮೂರು ಸಂಜೆ ಬಸ್ಸು ಹತ್ತಿ ಗುಬ್ಬಿಗೆ ಹೋಗುತ್ತಿದ್ದೆ. ಮೊದಲ ದಿನ ಒಂದು ನೋಟ್ ಪುಸ್ತಕದಲ್ಲಿ ಪದಗಳನ್ನು ಕನ್ನಡ ಲಿಪಿಯಲ್ಲಿ ದಪ್ಪಗೆ ಬರೆದುಕೊಂಡು ಹೋದೆ. ಅವರು ಪುಸ್ತಕವನ್ನು ಗೌರವದಿಂದ ತಗೊಂಡು, ತಿರುಗಿಸಿ ನೋಡಿ, ಎಣ್ಣೆ ಡಬ್ಬದ ಮೇಲೆ ಇಟ್ಟರು. ಎರಡನೆಯ ವಾರ ನಿಜ ಹೇಳಿದರು. "ಕಣ್ಣಾಗೆ ಹೊಗೆ ಕಟ್ದಂಗೆ ಆಗ್ತೈತೆ ಮೇಷ್ಟ್ರೇ. ಸೂಜಿ ಕಣ್ಣು ಕಾಣಲ್ಲ. ಬಾಬಿನ್ನು ಬೆರಳಲ್ಲೇ ತಡಕಿ ಹಾಕ್ತೀನಿ. ಇನ್ನೆರಡು ವರ್ಷ ರಿಪೇರಿ ಮಾಡ್ತೀನೇನೋ. ಅದಕ್ಕೇ ಈ ಏಜೆನ್ಸಿ. ಕೂತ್ಕೊಂಡು, ಕಿವಿಯಲ್ಲಿ ಮಾಡೋ ಕೆಲ್ಸ. ಯಾರಿಗೂ ಹೇಳ್ಬೇಡಿ. ಕಣ್ಣು ಕಾಣ್ದಿರೋ ರಿಪೇರಿಯೋನ್ ಹತ್ರ ಯಾರು ಬರ್ತಾರೆ?"

ನಾನು ಯಾರಿಗೂ ಹೇಳಲಿಲ್ಲ. ಅದೊಂದು ಮಾತು ಉಳಿಸಿಕೊಂಡೆ. ಉಳಿಸಿಕೊಳ್ಳುವುದು ಸುಲಭವಾಗಿತ್ತು.

ಹಾಗಾಗಿ ಪಾಠವೆಲ್ಲ ಕಿವಿಯಲ್ಲೇ. ನಾನು ಹೇಳುವುದು, ಅವರು ಹೇಳುವುದು. ಎಕ್ಸ್‌ಚೇಂಜ್, ಡೀಲ್, ಬಾರ್ಗೇನ್, ಆಫರ್, ರಿಟರ್ನ್, ರಿಪ್ಲೇಸ್, ಸೆಕೆಂಡ್ ಹ್ಯಾಂಡ್, ಕಂಡೀಷನ್ — ಇವುಗಳಲ್ಲಿ ಅರ್ಧ ಅವರಿಗೆ ಆಗಲೇ ಗೊತ್ತಿತ್ತು, ಪೇಟೆಯಲ್ಲಿ ಓಡಾಡುವ ಮಾತುಗಳು ತಾನೆ. ನಾನು ಪುಸ್ತಕದಿಂದ ತಂದದ್ದು 'ಬಾರ್ಟರ್'. ಅದನ್ನು ಅವರು ಬಾಯಲ್ಲಿ ಒಂದು ಸಲ ಆಡಿಸಿ ಉಗಿದುಬಿಟ್ಟರು.

"ಇದು ಯಾರೂ ಆಡೋ ಮಾತಲ್ಲ ಬುಡಿ. ಓದೋ ಮಾತು. ಇದನ್ನ ವಾಪಸ್ ತಗೊಂಡು ಬೇರೆ ಕೊಡಿ."

"ಸ್ವಾಪ್," ಎಂದೆ.

"ಆ, ಇದು ಸರಿ. ಚಿಟಿಕೆ ಹೊಡ್ದಂಗೈತೆ. ಸ್ವಾಪ್ ಬೇರೆ, ಎಕ್ಸ್‌ಚೇಂಜ್ ಬೇರೆನಾ?"

ನಾನು ಕಾಲು ಗಂಟೆ ವಿವರಿಸಿದೆ. ಒಂದು ಸಲಿಗೆಯದು, ಒಂದು ಅಂಗಡಿಯದು, ಒಂದನ್ನು ಸ್ನೇಹಿತರ ನಡುವೆ ಬಳಸುತ್ತಾರೆ, ಇನ್ನೊಂದನ್ನು — ಏನೇನೋ. ಅವರು ತಲೆ ಬಗ್ಗಿಸಿ, ಮಷೀನಿನ ಸದ್ದು ಕೇಳುವಂತೆಯೇ ಕೇಳಿದರು. ಕೊನೆಗೆ, "ಅಂದ್ರೆ ಎಕ್ಸ್‌ಚೇಂಜ್‌ನಾಗೆ ರಸೀದಿ ಐತೆ, ಸ್ವಾಪ್‌ನಾಗೆ ನಂಬ್ಕೆ ಐತೆ. ಅಷ್ಟೇ ತಾನೆ?" ಎಂದರು.

ಅಷ್ಟೇ. ಈಗ ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಮಾಡಿದ ಮೇಲೂ ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಮತ್ತೊಂದು ದಿನ ಕೇಳಿದರು: "ಕೊಸರಿಗೆ ಇಂಗ್ಲಿಷ್‌ನಲ್ಲಿ ಏನಂತಾರೆ?" ಅಳತೆಯೆಲ್ಲ ಮುಗಿದ ಮೇಲೆ ಅಂಗಡಿಯವನು ಮನಸಾರೆ ಹಾಕುವ ಆ ಒಂದು ಹಿಡಿ — ಅದಕ್ಕೆ ನನ್ನ ಹತ್ತಿರ ಪದವಿರಲಿಲ್ಲ. 'ಎಕ್ಸ್‌ಟ್ರಾ' ಎಂದೆ.

"ಎಕ್ಸ್‌ಟ್ರಾ ಅಂದ್ರೆ ಇನ್ನೊಂದಿಷ್ಟು ಕಾಸು ಕೇಳ್ದಂಗಾಯ್ತು. ಕೊಸರು ಕೇಳೋದಲ್ಲ ಮೇಷ್ಟ್ರೇ, ಕೊಡೋದು." ಅವರು ನಕ್ಕರು. "ಪಾಪ, ಇಂಗ್ಲಿಷ್‌ನೋರು ಕೊಸರೇ ಹಾಕಲ್ವೇನೋ."

ನನಗೆ ಸಿಟ್ಟು ಬಂದಿತ್ತು. ಇದು ಖಂಡಿತ ನೆನಪಿದೆ, ಯಾಕೆಂದರೆ ಆ ಸಿಟ್ಟನ್ನು ನಾನು ಆಮೇಲೆ ಅನೇಕ ಸಲ ಎತ್ತಿ ನೋಡಿದ್ದೇನೆ. ಓದಿದವನು ನಾನು. ತಿದ್ದಿಸಿಕೊಂಡವನೂ ನಾನೇ.

ಅವರ ತಂದೆ ದನದ ದಲ್ಲಾಳಿ. ಯಡಿಯೂರಿನ ದನಗಳ ಪರಿಷೆಯಲ್ಲಿ ಟವೆಲ್ಲಿನ ಕೆಳಗೆ ವ್ಯಾಪಾರ ಮಾಡುತ್ತಿದ್ದವರು. ಮಾರುವವನೂ ಕೊಳ್ಳುವವನೂ ಎದುರು ಬದುರು ನಿಂತು, ಕೈಗಳ ಮೇಲೆ ಒಂದು ಟವೆಲ್ಲು ಹೊದಿಸಿಕೊಂಡು, ಬೆರಳು ಹಿಡಿದು ಬೆಲೆ ಹೇಳುವುದು, ಬಾಯಿ ಬಿಡದೆ. ಗೌಸ್ ಸಾಬ್ರು ಒಂದು ದಿನ ತಮ್ಮ ಹೆಗಲ ಟವೆಲ್ಲನ್ನೇ ಹಾಸಿ ನನ್ನ ಕೈ ಹಿಡಿದು ತೋರಿಸಿದರು. ವ್ಯಾಪಾರ ಕುದುರಿದರೆ ಇಡೀ ಅಂಗೈ ಒತ್ತುವುದು. ಮುರಿದರೆ ಒಂದೊಂದೇ ಬೆರಳು ಬಿಟ್ಟುಬಿಡುವುದು.

"ಬಾಯಲ್ಲಿ ಹೇಳಿದ್ರೆ ಏನಾಗ್ತದೆ?" ಎಂದು ಕೇಳಿದೆ.

"ಸುತ್ತ ಜನ ಇರ್ತಾರಲ್ಲ. ಮುರಿದ ವ್ಯಾಪಾರ ಯಾರ ಕಣ್ಣಿಗೂ ಬೀಳಬಾರ್ದು, ಎದ್ರುಗಿರೋನ ಮುಖ ಸಣ್ಣದಾಗಬಾರ್ದು ಅಂತ ಟವೆಲ್ಲು. ನಮ್ಮಪ್ಪ ಬಾಯಿ ಬಿಡ್ದೆ ಬದುಕಿದ್ರು. ನಂಗೆ ನೋಡಿ, ಬಾಯೇ ಬಂಡವಾಳ ಆಗ್ಬೇಕು ಈಗ."

ಇನ್ನೊಂದು ಸಂಗತಿ ಹೇಳಬೇಕು. ಹೇಳದೆ ಮುಂದೆ ಹೋದರೆ ಮತ್ತೆ ಸೋಪು ಹಿಡಿದ ಹಾಗೆ. ಅವರ ಅಂಗಡಿಯ ಪಕ್ಕದ ಜಗುಲಿಯಲ್ಲಿ ಗಿಳಿಶಾಸ್ತ್ರ ಹೇಳುವವನೊಬ್ಬ ಕೂರುತ್ತಿದ್ದ. ಪಂಜರದ ಗಿಳಿ ಹೊರಗೆ ಬಂದು ಒಂದು ಚೀಟಿ ಎತ್ತಿ ಕೊಟ್ಟು ಮತ್ತೆ ತಾನೇ ಒಳಗೆ ಹೋಗುವುದು. ಒಂದು ಸಂಜೆ ಗೌಸ್ ಸಾಬ್ರು ಸುಮ್ಮನೆ, ಪಾಠದ ನಡುವೆ, "ಗಿಣಿಗೇನಂತಾರೆ?" ಎಂದರು. ನಾನು ಹೇಳಿಕೊಟ್ಟೆ. ಅವರು ಅಲ್ಲಿಂದಲೇ ಕೂಗಿದರು: "ಏನ್ಲಾ, ನಿನ್ ಪ್ಯಾರಟ್ಟು ಇವತ್ತು ಯಾರ ಹಣೆಬರ ಎತ್ತಿಕೊಡ್ತು?"

"ಅದ್ರದ್ದೇ ಅದು ಎತ್ಕಂಡಿಲ್ಲ ಸಾಬ್ರೇ. ಪಂಜ್ರದಾಗೇ ಐತೆ," ಎಂದ ಅವನು.

ಆಮೇಲೆ ದಿನವೂ ಅದೊಂದು ತಮಾಷೆಯಾಯಿತು. ಮೂವತ್ತೊಂದನೆಯ ಪದ. ಪಟ್ಟಿಯಲ್ಲಿ ಇಲ್ಲದ್ದು, ಕೊಸರು.

ಆ ಪದ ನಾನು ಹೇಳಿಕೊಟ್ಟದ್ದು ಸಾಹೇಬರು ಬಂದ ಆ ದಿನಕ್ಕಿಂತ ಮುಂಚೆಯೋ ಆಮೇಲೋ ಎಂದು ವರ್ಷಗಟ್ಟಲೆ ನನ್ನನ್ನೇ ಕೇಳಿಕೊಂಡಿದ್ದೇನೆ. ಆಮೇಲೆ ಆಗಿದ್ದರೆ ಅವರಿಗೆ ಅರ್ಥವಾಗಿರಲಾರದು, ಎಷ್ಟು ಚೆಂದ. ಆದರೆ ಆ ದಿನದ ನಂತರ ನಾನು ಗುಬ್ಬಿಗೆ ಕಾಲಿಟ್ಟಿಲ್ಲ. ಹಾಗಾದರೆ ಮುಂಚೆಯೇ. ಲೆಕ್ಕ ಇಷ್ಟು ಸರಳ. ಇಲ್ಲಿ ಸಂಶಯಕ್ಕೆ ಜಾಗವೇ ಇಲ್ಲ, ಆದರೂ ನಾನು ಜಾಗ ಹುಡುಕಿದೆ — ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ನಾಲಿಗೆ ಹುಡುಕುವ ಹಾಗೆ.

ಆ ದಿನ. ತುಮಕೂರಿನ ಒಂದು ಲಾಡ್ಜಿನ ಮಹಡಿಯ ಕೋಣೆ. ಗೌಸ್ ಸಾಬ್ರು ಬಿಳಿ ಜುಬ್ಬ ಹಾಕಿ, ಹೊಸ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಉಗುರಿನ ಸಂದಿಯ ಎಣ್ಣೆಯನ್ನೆಲ್ಲ ಸೀಗೆಪುಡಿ ಹಾಕಿ ತೊಳೆದುಕೊಂಡು ಬಂದಿದ್ದರು. ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದಿದ್ದರು. ಕೋಣೆಯಲ್ಲಿ ಸಾಹೇಬರ ಕುರ್ಚಿಯ ಎದುರಿಗೆ ಇನ್ನೊಂದೇ ಕುರ್ಚಿ ಇತ್ತು. ಸಾಹೇಬರು ನನ್ನ ಪ್ಯಾಂಟು ನೋಡಿ ಆ ಕುರ್ಚಿ ನನಗೆ ತೋರಿಸಿದರು. ನಾನು ಕೂತೆ. ತಪ್ಪು ಅಲ್ಲೇ ಶುರುವಾಯಿತೇನೋ. 'ನೀವು ಕೂತ್ಕೊಳ್ಳಿ' ಎಂದು ಅವರಿಗೆ ಬಿಡಬಹುದಾಗಿತ್ತು.

ಮೂಲೆಯಲ್ಲಿ ಒಂದು ಹಳೇ ಮಷೀನು ಇಟ್ಟಿದ್ದರು. ಪರೀಕ್ಷೆಗೆ. ಗೌಸ್ ಸಾಬ್ರು ಚಕ್ರ ತಿರುಗಿಸಿದರು, ಕಿವಿ ಇಟ್ಟರು, ಮತ್ತೆ ತಿರುಗಿಸಿದರು. ಆಮೇಲೆ ನೆಟ್ಟಗೆ ನಿಂತು ಇಂಗ್ಲಿಷಿನಲ್ಲಿ ಹೇಳಿದರು — ಬಾಡಿ ಗುಡ್, ಶಟಲ್ ಟಯರ್ಡ್, ಸೆಕೆಂಡ್ ಹ್ಯಾಂಡ್, ಬಟ್ ಆನೆಸ್ಟ್ ಮಷೀನ್. ಐ ಗಿವ್ ಫೇರ್ ಎಕ್ಸ್‌ಚೇಂಜ್. ನೋ ರಿಟರ್ನ್.

'ಆನೆಸ್ಟ್ ಮಷೀನ್' ನಾನು ಕಲಿಸಿದ್ದಲ್ಲ. ಎರಡು ಪದಗಳನ್ನು ತಾವೇ ಜೋಡಿಸಿದ್ದರು. ಸಾಹೇಬರ ಮುಖ ಅರಳಿತು. ನಗುತ್ತ ಚೌಕಾಸಿಗಿಳಿದರು, ಅಷ್ಟು ಕೊಡಲಾಗದು, ಇಷ್ಟು ಎಂದರು. ಗೌಸ್ ಸಾಬ್ರು, ನೋ ಸರ್, ಬಾರ್ಗೇನ್ ಫಿನಿಷ್ಡ್, ಎಂದರು. ಇಬ್ಬರೂ ನಕ್ಕರು. ಏಜೆನ್ಸಿ ಆಗಲೇ ಆದಂತೆ ಇತ್ತು. ನನಗೆ ಹಾಗೆ ಅನ್ನಿಸಿತು. ಆ ನಗುವಿನಲ್ಲಿ ನಾನಿರಲಿಲ್ಲ ಎಂದೂ ಅನ್ನಿಸಿತು.

ಆಮೇಲೆ ಸಾಹೇಬರು ಟೀ ತರಿಸಿದರು. ಎರಡು ಕಪ್ಪು. ಬಿಸ್ಕತ್ತಿನ ತಟ್ಟೆ ನನ್ನ ಕಡೆ ತಳ್ಳಿದರು. ಏನು ಓದಿದ್ದೀರಿ, ಎಲ್ಲಿ ಓದಿದಿರಿ ಎಂದು ಕೇಳಿದರು. ಎರಡು ವರ್ಷದಿಂದ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನು ಹೇಳಿದೆ — ಓದಿದ್ದು, ಓದದೇ ಇದ್ದದ್ದು, ಎಲ್ಲ. ನನ್ನ ಇಂಗ್ಲಿಷು ನನ್ನ ಕಿವಿಗೇ ಮಧುರವಾಗಿ ಕೇಳಿಸುತ್ತಿತ್ತು. ನಿಮ್ಮಂಥವರು ಇಲ್ಲೇನು ಮಾಡುತ್ತಿದ್ದೀರಿ, ಬೊಂಬಾಯಿಗೆ ಬನ್ನಿ, ಎಂದರು. ನನ್ನ ಬಾಯಲ್ಲಿ ಬಿಸ್ಕತ್ತಿನ ಕ್ರೀಮು ಕರಗುತ್ತಿತ್ತು. ಈಗಲೂ ಆ ಸಿಹಿ ಎಲ್ಲಾದರೂ ನಾಲಿಗೆಗೆ ತಾಗಿದರೆ ಉಗಿದು ಬಾಯಿ ತೊಳೆದುಕೊಳ್ಳುತ್ತೇನೆ.

ಆಗ ಸಾಹೇಬರು ದನಿ ತಗ್ಗಿಸಿ ಕೇಳಿದರು: ಈ ಮನುಷ್ಯರಿಗೆ ನಿಜವಾಗಿ ಇಂಗ್ಲಿಷ್ ಬರುತ್ತದೆಯೆ, ಅಥವಾ ನೀವು ತುಂಬಿಸಿದ್ದೊ? ನಾಳೆ ಬೊಂಬಾಯಿಯಿಂದ ಟ್ರಂಕ್ ಕಾಲ್ ಮಾಡಿದರೆ ಮಾತಾಡುತ್ತಾರೆಯೆ?

ಹೇಳಬಹುದಾದ ಉತ್ತರಗಳು ಎಷ್ಟಿದ್ದವು. ಬೇಕಾದಷ್ಟು ಬರುತ್ತದೆ. ಕಾಗದ ನಾನು ಬರೆಯುತ್ತೇನೆ. ಇವರಷ್ಟು ಮಷೀನು ತಿಳಿದವರು ನಿಮಗೆ ಸಿಗುವುದಿಲ್ಲ. ಎಲ್ಲವೂ ನಿಜ. ನಾನು ಕಾಲಿನ ಮೇಲೆ ಕಾಲು ಹಾಕಿಕೊಂಡು, ನಕ್ಕು, "ಎ ಪ್ಯಾರಟ್, ಸರ್. ಥರ್ಟಿ ವರ್ಡ್ಸ್" ಎಂದೆ.

ಗಿಳಿ, ಸರ್. ಮೂವತ್ತು ಪದ.

ಸಾಹೇಬರೂ ನಕ್ಕರು. ಅಷ್ಟು ಹೊತ್ತು ಅವರು ಗೌಸ್ ಸಾಬ್ರ ಜೊತೆ ನಗುತ್ತಿದ್ದರು. ಈಗ ನನ್ನ ಜೊತೆ ನಕ್ಕರು. ನನಗೆ ಬೇಕಾಗಿದ್ದದ್ದು ಅದು. ಬೇರೇನೂ ಅಲ್ಲ, ಕೆಲಸವೂ ಅಲ್ಲ, ಹಣವೂ ಅಲ್ಲ — ಒಂದು ನಗು ಈ ಕಡೆಗೆ ತಿರುಗಬೇಕಾಗಿತ್ತು. ಅದಕ್ಕೆ ಬದಲಾಗಿ ನಾನು ಏನು ಕೊಟ್ಟೆ ನೋಡಿ.

ಮೂರು ವರ್ಷದ ಹಿಂದೆ ನನ್ನ ನೆನಪು ಒಂದು ಹೊಸ ಪಾಠ ತಯಾರಿಸಿಕೊಂಡು ಬಂತು: ಆ ಪದ ಆಡಿದ್ದು ಸಾಹೇಬರೇ, ನಾನು ತಲೆಯಾಡಿಸಿದ್ದು ಮಾತ್ರ. ಎಷ್ಟು ಸಹಜವಾಗಿ ಬಂತೆಂದರೆ ಎರಡು ಮೂರು ತಿಂಗಳು ನಾನು ಅದನ್ನೇ ನಂಬಿಕೊಂಡು ನೆಮ್ಮದಿಯಾಗಿದ್ದೆ. ಯಾವ ಹೊಸ ಸಾಕ್ಷಿಯೂ ಇಲ್ಲದೆ ಒಂಬತ್ತು ವರ್ಷದ ಮೇಲೆ ಹುಟ್ಟಿದ ನೆನಪು. ಬೇರೆಯವರು ಇಂಥದ್ದನ್ನು ಹೇಳಿದ್ದರೆ ನಾನು ಬಿಡುತ್ತಿದ್ದೆನೆ? ಇಲ್ಲ, ಆಡಿದ್ದು ನಾನೇ. 'ಥರ್ಟಿ ವರ್ಡ್ಸ್' ಎಂಬ ಲೆಕ್ಕ ಸಾಹೇಬರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ.

ಹಾಗೆಂದು ಆ ಮಾತು ಪೂರಾ ಸುಳ್ಳೂ ಅಲ್ಲ. ಅವರು ಕಿವಿಯಿಂದಲೇ ಕಲಿತಿದ್ದರು. ಓದಿ ಕಲಿಯಲಿಲ್ಲ ಯಾಕೆ ಎಂದು ಭೂಮಿಯ ಮೇಲೆ ನನ್ನೊಬ್ಬನಿಗೆ ಗೊತ್ತಿತ್ತು. ಅದನ್ನು ತಿಳಿದೂ ಅವರ ಕುರುಡುತನಕ್ಕೆ ನಾನು ಆ ಹೆಸರಿಟ್ಟೆ. ಬರೆಯುವಾಗ ನನ್ನ ಮೇಲೆ ನನಗೆ ಬರುವ ಈ ಹೇಸಿಗೆಯನ್ನೂ ನಾನು ಪೂರ್ತಿ ನಂಬುವುದಿಲ್ಲ — ಅದರಲ್ಲೂ ಒಂದಿಷ್ಟು ಸವಿ ಇದೆ. ಇರಲಿ.

ಗೌಸ್ ಸಾಬ್ರು ಮಷೀನಿನ ಪಕ್ಕ ನಿಂತಿದ್ದರು. ನಾಲ್ಕು ಹೆಜ್ಜೆ ದೂರ. ಮಷೀನಿನ ಹೊಟ್ಟೆಯೊಳಗೆ ಸೂಜಿಮೊನೆಯಷ್ಟು ಸಡಿಲಾದ ತಿರುಪು ಕೇಳಿಸುವ ಕಿವಿ ಅವರದು. ಅವರ ಕೈ ಚಕ್ರದ ಮೇಲಿತ್ತು. ಅದು ಅಲ್ಲೇ ಇತ್ತು. ಅಷ್ಟೇ ನನಗೆ ನೆನಪು. ಮುಖ ನೆನಪಿಲ್ಲ. ನೋಡಲಿಲ್ಲವೇನೋ.

ಸಾಹೇಬರು ಎದ್ದು, ತುಂಬ ಚೆನ್ನಾಗಿ ಮಾತಾಡಿದಿರಿ, ಕಾಗದ ಬರೆಯುತ್ತೇವೆ, ಎಂದು ಗೌಸ್ ಸಾಬ್ರ ಬೆನ್ನು ತಟ್ಟಿದರು. ನನಗೆ ಒಂದು ವಿಳಾಸದ ಕಾರ್ಡು ಕೊಟ್ಟರು. ಆ ವಿಳಾಸಕ್ಕೆ ನಾನು ಎರಡು ಕಾಗದ ಹಾಕಿದೆ. ಉತ್ತರ ಬರಲಿಲ್ಲ. ಅದನ್ನೂ ಹೇಳಿಬಿಡಬೇಕು.

ಬಸ್ ಸ್ಟ್ಯಾಂಡಿಗೆ ನಡೆದೆವು. ಕಲ್ಲಿನ ಬೆಂಚಿನ ಮೇಲೆ ಕೂತೆವು. ಅವರು ಬೆವರು ಒರೆಸಿಕೊಂಡು, ಟವೆಲ್ಲನ್ನು ತೊಡೆಯ ಮೇಲೆ ಹಾಸಿಕೊಂಡು, ಕೆಳಗಿನಿಂದ ನನ್ನ ಕೈ ತಗೊಂಡರು. ಐದೂ ಬೆರಳು ಹಿಡಿದರು. ಮೆಟ್ಟಿಲಿಳಿದ ದಣಿವಿಗೆ ಹಿಡಿದರೇನೋ ಎಂದುಕೊಂಡೆ. ಆಮೇಲೆ ಕಿರುಬೆರಳು ಬಿಟ್ಟರು. ಅದರ ಪಕ್ಕದ್ದು ಬಿಟ್ಟರು. ನಡುವಿನದು. ತೋರುಬೆರಳು. ಕೊನೆಗೆ ಹೆಬ್ಬೆಟ್ಟು.

"ಗುಬ್ಬಿ ಬಸ್ಸು ಬಂತು ಅನ್ಸುತ್ತೆ. ನೋಡ್ ಹೇಳಿ ಮೇಷ್ಟ್ರೇ," ಎಂದರು.

ಬಸ್ಸು ಬಂದಿತ್ತು. ಹಾಗಾದರೆ ಬಸ್ಸು ಬಂತೆಂದು ಕೈ ಬಿಟ್ಟರೆ? ಬಸ್ಸಿಗೆ ಏಳುವವರು ಒಂದೊಂದೇ ಬೆರಳು ಬಿಡುತ್ತಾರೆಯೆ? ಈ ಪ್ರಶ್ನೆಯ ಜೊತೆ ನಾನು ಹನ್ನೆರಡು ವರ್ಷ ಸಂಸಾರ ಮಾಡಿದ್ದೇನೆ. ನಮ್ಮ ಸುತ್ತ ಜನ ಇದ್ದರು. ಕಡಲೆಕಾಯಿ ಮಾರುವವರು, ಕಂಡಕ್ಟರು, ಮಕ್ಕಳು. ಯಾರ ಕಣ್ಣಿಗೂ ಏನೂ ಬೀಳಲಿಲ್ಲ. ನನ್ನ ಮುಖ ಸಣ್ಣದಾಗದಂತೆ ಅವರು ನೋಡಿಕೊಂಡರು.

ಒಂದು ವಾರ ಬಿಟ್ಟು ಅವರು ಮನೆಗೆ ಬಂದರು. ಬಸ್ಸಿನ ಮೇಲೆ ಕಾಲು ಮಷೀನು ಹಾಕಿಸಿಕೊಂಡು, ಸ್ಟ್ಯಾಂಡಿನಿಂದ ಜಟಕಾದಲ್ಲಿ. ಬೊಂಬಾಯಿಯಿಂದ ಇನ್ನೂ ಕಾಗದ ಬಂದಿರಲಿಲ್ಲ. ಬರುವುದೂ ಇರಲಿಲ್ಲ. ನಾನು ಒಳಕೋಣೆಯಲ್ಲಿದ್ದೆ. ಅಕ್ಕ ಕರೆದಳು. ತಲೆನೋವು ಎಂದು ಮಲಗಿಬಿಟ್ಟೆ. ಗೋಡೆಯಾಚೆ ಮಾತು ಕೇಳಿಸುತ್ತಿತ್ತು.

"ಇಷ್ಟು ಒಳ್ಳೇ ಮಷೀನ್ ತಂದಿದೀರಲ್ಲ ಸಾಬ್ರೇ. ನಮ್ಮುಡ್ಗ ಅಂಥದ್ದೇನು ಕೊಟ್ಟ ನಿಮ್ಗೆ?"

"ವಿದ್ಯೆ ಕೊಟ್ರು ತಾಯಿ. ಇಲ್ಲಿ ಎಣ್ಣೆ ಬಿಡಿ, ವಾರಕ್ಕೊಂದ್ ಸಲ. ಇದು ಒಂದು ಡಬ್ಬ ಎಣ್ಣೆ, ಇದು ಒಂದ್ ಡಜನ್ ಸೂಜಿ."

"ಇದಕ್ಕೇನು ಕೊಡ್ಬೇಕು?"

"ಏನೂ ಇಲ್ಲ. ಕೊಸರು."

ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ. ಆ ಪದವನ್ನು ಅವರು ಸ್ವಲ್ಪ ಗಟ್ಟಿಯಾಗಿ ಹೇಳಿದರು ಎಂದು ನೆನಪು. ಅಥವಾ ನನಗೆ ಹಾಗೆ ಕೇಳಿಸಿತು.

ಆ ಮಷೀನಿನ ಮೇಲೆ ಅಕ್ಕ ಈ ಮನೆಯನ್ನು ನಡೆಸಿದಳು. ನನ್ನ ಕೆಲಸದ ಇಂಟರ್‌ವ್ಯೂಗೆ ಹಾಕಿಕೊಂಡು ಹೋದ ಅಂಗಿ ಅದರಲ್ಲೇ ಹೊಲಿದದ್ದು. ಕುಣಿಗಲ್ಲಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಹೋದ ಮೊದಲ ದಿನವೇ ಪೇಟೆಯಲ್ಲಿ ಆ ಕಂಪನಿಯ ಬೋರ್ಡು ಕಂಡಿತು — ಹಳೆಯದಕ್ಕೆ ಹೊಸದು, ಎಕ್ಸ್‌ಚೇಂಜ್. ಏಜೆನ್ಸಿ ಅಲ್ಲಿನವರೊಬ್ಬರಿಗೆ ಸಿಕ್ಕಿತ್ತು, ಇಂಗ್ಲಿಷ್ ಬಲ್ಲ ಬಟ್ಟೆ ವ್ಯಾಪಾರಿ. ಮಷೀನಿನ ವಿಷಯ ಏನೂ ಗೊತ್ತಿಲ್ಲ, ಹಳೇದನ್ನೆಲ್ಲ ತೂಕದ ಮೇಲೆ ತಗೊಳ್ಳುತ್ತಾರೆ. ಆ ಬೋರ್ಡಿನ ಕೆಳಗೆ ದಿನಾ ಎರಡು ಸಲ ಹೋಗಿ ಬರುತ್ತೇನೆ. ಬೇರೆ ದಾರಿ ಇದೆ. ಆ ದಾರಿಯಲ್ಲಿ ಕೆಲವು ದಿನ ಹೋದೆ. ಅದೂ ಹೇಡಿತನ ಅನ್ನಿಸಿ ಬಿಟ್ಟೆ.

ಕಳೆದ ತಿಂಗಳು, ಪಿ.ಯು.ಸಿ. ತರಗತಿ. ಕೊಡುವುದು ಕೊಳ್ಳುವುದರ ಬಗ್ಗೆ ಒಂದು ಪಾಠ. ಸ್ವಾಪ್, ಎಕ್ಸ್‌ಚೇಂಜ್ — ಎರಡಕ್ಕೂ ವ್ಯತ್ಯಾಸ ಏನು ಎಂದು ಕೇಳಿದೆ. ವರ್ಷವೂ ಕೇಳುತ್ತೇನೆ, ಯಾಕೆ ಎಂದು ಕೇಳಬೇಡಿ. ಎರಡನೆಯ ಬೆಂಚಿನಿಂದ ಒಬ್ಬಳು ಎದ್ದಳು. ಈ ವರ್ಷ ಹೊಸದಾಗಿ ಸೇರಿದ ಹುಡುಗಿ, ಸೋದರಮಾವನ ಮನೆಯಲ್ಲಿದ್ದು ಓದುತ್ತಾಳೆ.

"ಎಕ್ಸ್‌ಚೇಂಜ್‌ನಲ್ಲಿ ರಸೀದಿ ಇರುತ್ತೆ, ಸ್ವಾಪ್‌ನಲ್ಲಿ ನಂಬಿಕೆ ಇರುತ್ತೆ ಸಾರ್."

ತರಗತಿ ನಕ್ಕಿತು.

"ಯಾರಮ್ಮ ಹೇಳಿದ್ದು ಇದನ್ನ?"

"ನಮ್ಮ ತಾತ ಸಾರ್. ಗುಬ್ಬಿಲಿದಾರೆ. ಅವ್ರಿಗೆ ಯಾರೋ ಒಬ್ಬ ಮೇಷ್ಟ್ರು ಹೇಳ್ಕೊಟ್ಟಿದ್ರಂತೆ. ಭಾರಿ ಓದಿದ್ ಮೇಷ್ಟ್ರು ಅಂತೆ."

ನಾನು ಹೇಳಿಕೊಟ್ಟದ್ದಲ್ಲ. ಅದು ಅವರದೇ ವಾಕ್ಯ. ಅದನ್ನೂ ನನ್ನ ಹೆಸರಿಗೆ ಹಾಕಿದ್ದಾರೆ.

"ಹೇಗಿದಾರೆ ನಿಮ್ ತಾತ?"

"ಕಣ್ಣು ಪೂರ್ತಿ ಹೋಗೈತೆ ಸಾರ್. ಅಂಗಡಿ ಮುಚ್ಚಿ ತುಂಬ ವರ್ಷ ಆಯ್ತು. ಜಗುಲಿಯಲ್ಲಿ ಕೂತಿರ್ತಾರೆ. ಯಾರ ಮನೇಲಾದ್ರೂ ಮಷೀನ್ ಓಡ್ತಿದ್ರೆ ಕೇಳ್ತಾ."

ನಾನೇ ಆ ಮೇಷ್ಟ್ರು ಎಂದು ಆಗ ಹೇಳಬಹುದಾಗಿತ್ತು. ನಾನು "ಕೂತ್ಕೋ" ಎಂದೆ. ಬೋರ್ಡಿನ ಕಡೆ ತಿರುಗಿ ಪದಗಳನ್ನು ಬರೆದೆ. ಹನ್ನೆರಡು ವರ್ಷದಲ್ಲಿ ನನ್ನಲ್ಲಿ ಏನೂ ಬದಲಾಗಿಲ್ಲ ಎಂದು ನನಗೆ ಆವತ್ತು ತಿಳಿಯಿತು. ಈ ಬರಹ ಆ ಅಸಹ್ಯದಿಂದ ಹುಟ್ಟಿದ್ದು.

ಮೊದಲು ಅಂದುಕೊಂಡೆ, ಮಷೀನನ್ನು ವಾಪಸು ಒಯ್ದು ಕೊಟ್ಟುಬಿಡೋಣ ಎಂದು. ಅಕ್ಕನಿಗೆ ಬೇರೆ ತೆಗೆದುಕೊಟ್ಟರಾಯಿತು. ಜಟಕಾದಿಂದ ಮಷೀನು ಇಳಿಸುವುದು, ಅವರು ಅದರ ಚಕ್ರದ ಮೇಲೆ ಕೈ ಇಡುವುದು — ಚಿತ್ರ ಚೆನ್ನಾಗಿಯೇ ಮೂಡಿತು. ಆಮೇಲೆ ಹೊಳೆಯಿತು, ಇದೂ ವ್ಯಾಪಾರವೇ. ಮಷೀನು ಕೊಟ್ಟು ಕ್ಷಮೆ ತಗೊಂಡು ಬರುವುದು. ಇನ್ನು ಅವರ ಜೊತೆ ನಾನು ಯಾವ ವಿನಿಮಯಕ್ಕೂ ಯೋಗ್ಯನಲ್ಲ.

ಇಷ್ಟು ಬರೆದು ಮುಗಿಸಿದಾಗ ಒಂದು ಬಗೆಯ ಹಗುರ ಅನ್ನಿಸಿತು. ತಕ್ಷಣ ಅದನ್ನೂ ಸಂಶಯದಿಂದ ನೋಡಿದೆ. ಯಾಕೆಂದರೆ ಇದನ್ನು ಓದಬೇಕಾದವರಿಗೆ ಇದನ್ನು ಓದಲಾಗುವುದಿಲ್ಲ. ಆಗಲೂ ಓದಲಾಗುತ್ತಿರಲಿಲ್ಲ, ಈಗಂತೂ ಇಲ್ಲವೇ ಇಲ್ಲ. ಬರೆದದ್ದನ್ನು ಅಚ್ಚು ಹಾಕಿಸಿ ಮನೆಯಲ್ಲಿ ಕೂತರೆ ಅದು ನಾನು ಮೊದಲ ದಿನ ಒಯ್ದ ನೋಟ್ ಪುಸ್ತಕದ ಹಾಗೆ, ಎಣ್ಣೆ ಡಬ್ಬದ ಮೇಲೆ ಇಡುವುದಕ್ಕೆ.

ಈ ಭಾನುವಾರ ಗುಬ್ಬಿಗೆ ಹೋಗುತ್ತೇನೆ. ಬರಿಗೈಯಲ್ಲಿ. ಅವರ ಜಗುಲಿಯ ಕೆಳಗೆ ನಿಂತುಕೊಂಡು, ಕೂರಿ ಎಂದರೂ ಕೂರದೆ, ಆ ಕೋಣೆಯಲ್ಲಿ ನಾನು ಅವರನ್ನು ಏನೆಂದು ಕರೆದೆ ಎಂಬುದನ್ನು ಕನ್ನಡದಲ್ಲಿ, ಬೀದಿಯವರಿಗೂ ಕೇಳಿಸುವ ಹಾಗೆ, ಬಾಯಿ ಬಿಟ್ಟು ಹೇಳುತ್ತೇನೆ. ಅವರು ಟವೆಲ್ಲಿಗೆ ಕೈ ಹಾಕಿದರೆ, ಬೇಡ ಎನ್ನುತ್ತೇನೆ.